ಒಂದು ‘ಇರಬಹುದು’

ನಾನು ಸಣ್ಣವನಿದ್ದಾಗ ಸುಗ್ಗಿ ಮುಗಿದ ಮೇಲೆ ನಮ್ಮೂರಿಗೆ ಹೆಳವರು ಬರುತ್ತಿದ್ದರು. ಸುರಪುರ ತಾಲೂಕಿನ ಒಂದು ಸಣ್ಣ ಹಳ್ಳಿ ನಮ್ಮದು. ಎತ್ತಿನ ಗಾಡಿ ಬಿಟ್ಟು, ನಮ್ಮ ಕಟ್ಟೆ ಮೇಲೆ ಕೂತು, ಬಟ್ಟೆಯ ಗಂಟು ಬಿಚ್ಚಿ ಹಳೇ ಹೊತ್ತಿಗೆ ತೆಗೆದರೆ ಮುಗೀತು. ಮುತ್ಯಾನ ಮುತ್ಯಾನಿಂದ ಶುರು ಮಾಡಿ ನಮ್ಮ ಇಡೀ ವಂಶ ಓದಿಬಿಡೋರು. ಯಾವ ಊರಿಂದ ಎದ್ದು ಬಂದೆವು, ಯಾವ ಬರದಲ್ಲಿ ಬಂದೆವು, ಎಷ್ಟು ಜನ ಅಣ್ಣತಮ್ಮಂದಿರು, ಯಾರು ಕೃಷ್ಣಾ ಹೊಳೆ ಈಚೆ ನಿಂತರು, ಯಾರು ದಾಟಿ ಹೋದರು, ಎಲ್ಲ. ಮುತ್ಯಾ ಜೋಳ ಅಳೆದು ಹಾಕಿ, ಈಚೆಗೆ ಮನೆಯಲ್ಲಿ ಹುಟ್ಟಿದ ಕೂಸುಗಳ ಹೆಸರು ಬರೆಸುತ್ತಿದ್ದ.

ಒಂದು ಸಲ ಅಪ್ಪ ತಕರಾರು ತೆಗೆದ. ಹೊತ್ತಿಗೆಯಲ್ಲಿ ಯಾರೋ ಹಿರಿಯರ ಹೆಸರಿನ ಒಂದಕ್ಷರ ತಪ್ಪಿತ್ತು. ಹೆಳವ ನಕ್ಕು, "ನಮ್ಮಪ್ಪ ಹಂಗ ಬರ್ದಾನ್ರಿ, ಅದಕ ನಾನೂ ಹಂಗ ಬರ್ದೀನಿ. ಹೊಳಿ ಆಚೀಕಿನ ನಿಮ್ಮ ಅಣ್ತಮ್ಮಂದಿರ ಹೊತ್ತಿಗ್ಯಾಗ ಸರಿ ಅದ. ನಮ್ಮಪ್ಪನ ಕೈಯಿಂದ ಇಳಿದ ಹೊತ್ತಿಗ್ಯಾಗಷ್ಟ ಈ ತಪ್ಪು" ಅಂದ.

ತಪ್ಪು ನೋಡಿ ಯಾವ ಪ್ರತಿ ಯಾವುದರಿಂದ ಇಳಿದದ್ದು ಅಂತ ಹೇಳಬಹುದು. ಈ ಮಾತಿನ ತೂಕ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಬಿಟ್ಟು, ಟಿಬಿ ಬಗ್ಗೆ ಓದಲು ಕೂತಾಗ. ಅಷ್ಟರಲ್ಲಿ ನಮ್ಮ ಮನೆಯಲ್ಲಿ ಆಗಬಾರದ್ದು ಆಗಿಹೋಗಿತ್ತು. ಅದರಲ್ಲಿ ನನ್ನದೂ ಒಂದು ಪದದ ಪಾಲಿತ್ತು.

2018ರ ದಸರಾಕ್ಕೆ ಕಾಕಾನ ಮಗ ಬೆಂಗಳೂರಿಂದ ಊರಿಗೆ ಬಂದ. ನನಗಿಂತ ಆರು ವರ್ಷ ಸಣ್ಣವ. ಬಿಲ್ಡಿಂಗುಗಳಲ್ಲಿ ಸೆಂಟ್ರಿಂಗ್ ಕೆಲಸ. ನಾನೂ ಬೆಂಗಳೂರಿನಲ್ಲೇ ಇರುವವನು. ಆದರೆ ನಾನು ರಾತ್ರಿ ಸ್ಲೀಪರ್ ಬಸ್ಸಿನಲ್ಲಿ ಮಲಗಿ ಸುರಪುರದಲ್ಲಿ ಇಳಿಯುತ್ತೇನೆ, ಅವನು ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ ನಿಂತು ಯಾದಗಿರಿಯಲ್ಲಿ ಇಳಿಯುತ್ತಾನೆ. ನಾನು ಊರು ಬಿಟ್ಟರೆ ಅದಕ್ಕೆ ‘ಜಾಬ್’ ಅಂತ ಹೆಸರು, ಅವನು ಬಿಟ್ಟರೆ ‘ಗುಳೆ’.

ಬಂದವನು ಕೆಮ್ಮುತ್ತಿದ್ದ. ಬೆಂಗಳೂರಿನ ಯಾವುದೋ ಕ್ಲಿನಿಕ್ಕಿನಲ್ಲಿ ಮೂರು ಸಲ ತೋರಿಸಿದ್ದನಂತೆ, ಮೂರು ಸಲವೂ ಕೆಮ್ಮಿನ ಸಿರಪ್ ಕೊಟ್ಟು ಕಳಿಸಿದ್ದರು. ಒಂದು ತಿಂಗಳಿಗೆ ಮುತ್ಯಾನ ಕಫದಲ್ಲಿ ರಕ್ತ ಕಾಣಿಸಿತು. ಇಬ್ಬರನ್ನೂ ಯಾದಗಿರಿಗೆ ಕರೆದುಕೊಂಡು ಹೋಗಿ ಕಫ ಪರೀಕ್ಷೆ ಮಾಡಿಸಿದರು. ಇಬ್ಬರಿಗೂ ಟಿಬಿ.

ಅವತ್ತು ಸಂಜೆ ಅಪ್ಪ ಫೋನ್ ಮಾಡಿದ. "ನೀ ಓದಿದಾಂವ, ಹೇಳು. ಇದು ಬೆಂಗಳೂರಿಂದ ಬಂದದ್ದ ಏನು?"

ನಾನು ಮೀಟಿಂಗಿನಿಂದ ಎದ್ದು ಬಂದು ಕಾರಿಡಾರಿನಲ್ಲಿ ನಿಂತಿದ್ದೆ. ಬೇಗ ಒಳಗೆ ಹೋಗಬೇಕಿತ್ತು. "ಇರಬಹುದಪ್ಪಾ" ಅಂದೆ.

ನಮ್ಮೂರಿನಲ್ಲಿ ‘ಇರಬಹುದು’ ಬಹಳ ಹೊತ್ತು ಹಾಗೇ ಉಳಿಯುವುದಿಲ್ಲ. ಅಪ್ಪನ ಬಾಯಿಂದ ಕಾಕಾನ ಕಿವಿಗೆ ಹೋಗುವಷ್ಟರಲ್ಲಿ ಅದು "ಹೌದಂತ" ಆಯಿತು. ಚಹಾದಂಗಡಿ ಮುಟ್ಟುವಷ್ಟರಲ್ಲಿ "ಬೆಂಗಳೂರಿನ ಇಂಜಿನಿಯರ್ರ ಹೇಳ್ಯಾನ" ಆಯಿತು. ತಮ್ಮನ ತಾಟು, ಗ್ಲಾಸು ಬೇರೆ ಆದವು. ಹಾಸಿಗೆ ದನದ ಕೊಟ್ಟಿಗೆಯ ಪಕ್ಕಕ್ಕೆ ಹೋಯಿತು. ಶಹಾಪುರ ತಾಲೂಕಿನ ಹುಡುಗಿಯ ಜೊತೆ ನಿಶ್ಚಯವಾಗಿತ್ತು. ಅವರು ಮಾತಿಗೂ ಬರಲಿಲ್ಲ, ಕೊಟ್ಟ ಸೀರೆ ಮಾತ್ರ ಯಾರದೋ ಕೈಯಲ್ಲಿ ವಾಪಸ್ ಬಂತು.

ಮುತ್ಯಾನ ತಾಟು ಮಾತ್ರ ಬೇರೆ ಆಗಲಿಲ್ಲ. ಅದೇ ರೋಗ, ಅದೇ ಗುಳಿಗೆ, ಇಬ್ಬರಿಗೂ ತಿಂಗಳಿಗೆ ಅದೇ 500 ರೂಪಾಯಿ ಪೋಷಣೆಯ ದುಡ್ಡು. ಆದರೆ ಮುತ್ಯಾನಿಗೆ ಜಡ್ಡು ಬಂದಿತ್ತು, ತಮ್ಮ ಜಡ್ಡು ತಂದಿದ್ದ. ನಡುವೆ ಇದ್ದ ವ್ಯತ್ಯಾಸ ಅಷ್ಟೇ.

(ಟಿಬಿ ತಾಟಿನಿಂದ ಹರಡುವುದಿಲ್ಲ, ಗಾಳಿಯಿಂದ ಹರಡುತ್ತದೆ. ಸರಿಯಾದ ಔಷಧಿ ಶುರುವಾದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ರೋಗಿಯಿಂದ ಬೇರೆಯವರಿಗೆ ಹರಡುವ ಸಾಧ್ಯತೆ ತೀರಾ ಕಡಿಮೆಯಾಗುತ್ತದೆ. ಇಷ್ಟನ್ನಾದರೂ ನಾನು ಅವತ್ತು ಫೋನಿನಲ್ಲಿ ಹೇಳಬಹುದಿತ್ತು.)

ತಮ್ಮ ಆರು ತಿಂಗಳು ಗುಳಿಗೆ ನುಂಗಿದ, ಒಂದು ದಿನವೂ ತಪ್ಪಿಸಲಿಲ್ಲ. ಮುಗಿದ ಮಾರನೇ ವಾರ ಬೆಂಗಳೂರಿಗೆ ಹೋದ. ಆಮೇಲೆ ತಿಂಥಣಿ ಜಾತ್ರೆಗೂ ಬರಲಿಲ್ಲ, ದಸರಾಕ್ಕೂ ಬರಲಿಲ್ಲ.

ಮುಂದೆ ಕೊರೋನಾ ಬಂತು. 2020ರ ಬೇಸಿಗೆಯಲ್ಲಿ ಮಹಾರಾಷ್ಟ್ರಕ್ಕೆ ದುಡಿಯಲು ಹೋದವರೆಲ್ಲ ಯಾದಗಿರಿ ಜಿಲ್ಲೆಗೆ ವಾಪಸ್ ಬಂದು ಶಾಲೆಗಳಲ್ಲಿ, ಹಾಸ್ಟೆಲ್‌ಗಳಲ್ಲಿ ಕ್ವಾರಂಟೈನ್ ಆದಾಗ ಊರಿನಿಂದ ಬಂದ ಪ್ರತಿ ಫೋನಿನಲ್ಲೂ ಮತ್ತೆ ಅದೇ ಕ್ರಿಯಾಪದ: "ತಂದಾರ." ಮುಂದಿನ ವರ್ಷ ನಾವು ಸಿಟಿಯವರು ಡೆಲ್ಟಾ, ಓಮಿಕ್ರಾನ್ ಅಂತ ವೈರಸ್ಸಿನ ಕುಲಗೋತ್ರ ಕಲಿಯುತ್ತಿದ್ದೆವು. ನನ್ನ ಕೆಲಸ ಡೇಟಾ ಅನಾಲಿಸಿಸ್. ಆ ವಂಶವೃಕ್ಷಗಳ ಚಿತ್ರ ನೋಡುತ್ತಾ ಕೂತಾಗ ಒಂದು ರಾತ್ರಿ ತಲೆಗೆ ಬಂತು: ಇದು ಟಿಬಿಗೂ ಆಗುತ್ತದಲ್ಲ?

ಆಗುತ್ತದೆ. ಕೊರೋನಾಗಿಂತ ಮೊದಲೇ ಆಗಿದೆ. ರಾಬರ್ಟ್ ಕಾಖ್ ಬರ್ಲಿನ್ನಿನಲ್ಲಿ ಕ್ಷಯದ ಬ್ಯಾಕ್ಟೀರಿಯಾ ಕಂಡುಹಿಡಿದೆ ಅಂತ ಹೇಳಿದ್ದು 1882ರ ಮಾರ್ಚ್ 24ರಂದು. ಅದರ ಇಡೀ ಜೀನೋಮ್ ಓದಿ ಮುಗಿಸಿದ್ದು 1998ರಲ್ಲಿ. ಸುಮಾರು 44 ಲಕ್ಷ ಅಕ್ಷರಗಳ ಹೊತ್ತಿಗೆ ಅದು. ಬ್ಯಾಕ್ಟೀರಿಯಾ ಒಂದು ಎರಡಾಗುವಾಗ ಈ ಹೊತ್ತಿಗೆಯನ್ನು ನಕಲು ಮಾಡಬೇಕು. ನಕಲಿನಲ್ಲಿ ಯಾವಾಗಲೋ ಒಂದಕ್ಷರ ತಪ್ಪುತ್ತದೆ. ಆಮೇಲೆ ಅದರ ಮಕ್ಕಳು ಮೊಮ್ಮಕ್ಕಳೆಲ್ಲ ಆ ತಪ್ಪನ್ನು ಹಾಗೇ ಹೊತ್ತುಕೊಂಡು ಹೋಗುತ್ತವೆ. ನಮ್ಮ ಹೆಳವ ಹೇಳಿದ್ದೂ ಇದನ್ನೇ. ಕೊರೋನಾ ವೈರಸ್ಸಿನ ಹೊತ್ತಿಗೆ ಬರೀ 30 ಸಾವಿರ ಅಕ್ಷರ, ಆದರೂ ತಿಂಗಳಿಗೆ ಸುಮಾರು ಎರಡು ತಪ್ಪು ಮಾಡುತ್ತದೆ. ಟಿಬಿ ನಿಧಾನಸ್ಥ. 44 ಲಕ್ಷ ಅಕ್ಷರದಲ್ಲಿ ಒಂದು ತಪ್ಪಿಗೆ ಎರಡು ವರ್ಷವೋ ಅದಕ್ಕಿಂತ ಹೆಚ್ಚೋ ತೆಗೆದುಕೊಳ್ಳುತ್ತದೆ.

ಹಾಗಾಗಿ ಇಬ್ಬರು ರೋಗಿಗಳ ಕಫದಿಂದ ಬೆಳೆಸಿದ ಬ್ಯಾಕ್ಟೀರಿಯಾದ ಹೊತ್ತಿಗೆಗಳನ್ನು ಪಕ್ಕಪಕ್ಕ ಇಟ್ಟು ಎಷ್ಟು ಅಕ್ಷರ ಬೇರೆ ಇವೆ ಅಂತ ಎಣಿಸಬಹುದು. 2013ರಲ್ಲಿ ಇಂಗ್ಲೆಂಡಿನ ಸಂಶೋಧಕರು ಒಂದು ಅಂದಾಜು ಕೊಟ್ಟರು. ವ್ಯತ್ಯಾಸ 5 ಅಕ್ಷರವೋ ಅದಕ್ಕಿಂತ ಕಡಿಮೆಯೋ ಇದ್ದರೆ ರೋಗ ಈಚೆಗೆ ಒಬ್ಬರಿಂದ ಒಬ್ಬರಿಗೆ ದಾಟಿರುವ ಸಾಧ್ಯತೆ ಹೆಚ್ಚು. 12ಕ್ಕಿಂತ ಜಾಸ್ತಿ ಇದ್ದರೆ ಇವರಿಂದ ಅವರಿಗೆ ನೇರವಾಗಿ ಹೋಗಿರುವ ಸಾಧ್ಯತೆ ಬಹಳ ಕಡಿಮೆ. ಒಂದೇ ಮನೆ, ಒಂದೇ ತಿಂಗಳು, ಒಂದೇ ರೋಗ ಆದರೂ ಎರಡು ಬೇರೆ ಬೇರೆ ಕುಲದ ಬ್ಯಾಕ್ಟೀರಿಯಾ ಇರಬಹುದು.

ಕುಲ ಅಂದೆ. ಟಿಬಿಯ ಕುಲಗಳಿಗೆ ವಿಜ್ಞಾನಿಗಳು ನಂಬರ್ ಕೊಟ್ಟಿದ್ದಾರೆ. 1ನೇ ಕುಲ ಹಿಂದೂ ಮಹಾಸಾಗರದ ಸುತ್ತಲಿನದು. ದಕ್ಷಿಣ ಭಾರತ, ಫಿಲಿಪ್ಪೀನ್ಸ್, ಆಫ್ರಿಕಾದ ಪೂರ್ವ ಕರಾವಳಿ. ಮುಂಗಾರು ಗಾಳಿ ಹಿಡಿದು ಸಾಗಿದ ಹಳೇ ಹಡಗುಗಳ ದಾರಿಯನ್ನೇ ಇದೂ ಹಿಡಿದಂತೆ ಕಾಣುತ್ತದೆ. 2ನೆಯದು ಪೂರ್ವ ಏಷ್ಯಾದ್ದು, ಅದರ ಒಂದು ಶಾಖೆಗೆ ಬೀಜಿಂಗ್ ಅಂತಲೇ ಹೆಸರು. 3ನೆಯದು ಉತ್ತರ ಭಾರತ, ಪಾಕಿಸ್ತಾನದಿಂದ ಪೂರ್ವ ಆಫ್ರಿಕಾವರೆಗೆ. 4ನೆಯದು ಯುರೋಪಿನವರು ಹೋದಲ್ಲೆಲ್ಲ ಹೋಯಿತು. ಮುಂದಿನ ನಂಬರಿನ ಕೆಲವು ಕುಲಗಳು ಆಫ್ರಿಕಾ ಬಿಟ್ಟು ಹೆಚ್ಚು ಆಚೆ ಬಂದಿಲ್ಲ. ಈ ನಕಾಶೆ ನೋಡಿದಾಗ ನನಗನ್ನಿಸಿದ್ದು ಇಷ್ಟೇ: ಇದು ರೋಗದ ನಕಾಶೆ ಅಲ್ಲ, ಹೊಟ್ಟೆಪಾಡಿಗೆ, ವ್ಯಾಪಾರಕ್ಕೆ, ಯುದ್ಧಕ್ಕೆ ಮನುಷ್ಯರು ಎದ್ದು ಹೋದ ದಾರಿಗಳ ನಕಾಶೆ. ಬ್ಯಾಕ್ಟೀರಿಯಾಗೆ ಕಾಲಿಲ್ಲ.

ಇದರಲ್ಲಿ ನಮ್ಮ ಕಡೆಯ ತಳಿಗಳದ್ದು ಒಂದು ತಮಾಷೆಯ ಕತೆ ಇದೆ. 1990ರ ದಶಕದಲ್ಲಿ ಇಡೀ ಜೀನೋಮ್ ಓದುವ ಸೌಕರ್ಯ ಇರಲಿಲ್ಲ. ಆಗ ಟಿಬಿ ತಳಿ ಗುರುತಿಸಲು ಜಗತ್ತೆಲ್ಲ ಒಂದು ‘ಬೆರಳಚ್ಚು’ ವಿಧಾನ ಬಳಸುತ್ತಿತ್ತು. ಜೀನೋಮಿನಲ್ಲಿ ಅಲ್ಲಲ್ಲಿ ಪುನರಾವರ್ತನೆಯಾಗುವ ಒಂದು ತುಣುಕು ಎಷ್ಟು ಸಲ, ಎಲ್ಲೆಲ್ಲಿ ಇದೆ ಅಂತ ನೋಡುವುದು. ಬೇರೆ ದೇಶಗಳ ತಳಿಗಳಲ್ಲಿ ಆ ತುಣುಕು ಹತ್ತಾರು ಕಡೆ ಸಿಗುತ್ತಿತ್ತು. ತಮಿಳುನಾಡಿನ ತಳಿಗಳನ್ನು ನೋಡಿದರೆ ಬಹಳಷ್ಟರಲ್ಲಿ ಒಂದೇ ಒಂದು, ಕೆಲವದರಲ್ಲಿ ಅದೂ ಇಲ್ಲ. ಬೆರಳಚ್ಚೇ ಮೂಡದಿದ್ದರೆ ಯಾರನ್ನು ಯಾರಿಂದ ಬೇರೆ ಮಾಡುವುದು? ಓದಿ ನಗು ಬಂತು. ಹೊಲದ ಕೆಲಸದಲ್ಲಿ ಬೆರಳು ಸವೆದು ರೇಷನ್ ಅಂಗಡಿಯ ಮಷೀನಿನಲ್ಲಿ ಮುತ್ಯಾನ ಥಂಬ್ ಹತ್ತುತ್ತಿರಲಿಲ್ಲ. ಮಷೀನಿನ ಪ್ರಕಾರ ಮುತ್ಯಾ ಮುತ್ಯಾನೇ ಅಲ್ಲ.

ಆದರೆ ಇದು ನಕ್ಕು ಬಿಡುವ ವಿಷಯವೂ ಅಲ್ಲ. 2017ರಲ್ಲಿ ತಮಿಳುನಾಡಿನ ತಿರುವಳ್ಳೂರು ಮತ್ತು ಮದುರೈ ಜಿಲ್ಲೆಗಳ 196 ರೋಗಿಗಳಿಂದ ಪಡೆದ 223 ಮಾದರಿಗಳ ಪೂರ್ತಿ ಜೀನೋಮ್ ಓದಿದ ಅಧ್ಯಯನವೊಂದು ಪ್ರಕಟವಾಯಿತು. ಹೆಚ್ಚಿನವು 1 ಮತ್ತು 3ನೇ ಕುಲದವು. ಅದರಲ್ಲಿ ಕಂಡ ಇನ್ನೊಂದು ಸಂಗತಿ ಹೆಚ್ಚು ಮುಖ್ಯ. ಔಷಧಿಗೆ ಬಗ್ಗದಿರುವಿಕೆಗೆ ಕಾರಣ ಅಂತ ಆಗಲೇ ಪಟ್ಟಿ ಮಾಡಿದ್ದ ಅಕ್ಷರದ ತಪ್ಪುಗಳು ಬೇರೆ ದೇಶಗಳ ತಳಿಗಳಲ್ಲಿ ಕಾರಣ ವಿವರಿಸಿದಷ್ಟು ಚೆನ್ನಾಗಿ ಇಲ್ಲಿಯ ತಳಿಗಳಲ್ಲಿ ವಿವರಿಸಲಿಲ್ಲ. ಅಂದರೆ ಯಾರ ಊರಿನ ಬ್ಯಾಕ್ಟೀರಿಯಾ ಹೆಚ್ಚು ಓದಿಸಿಕೊಂಡಿದೆಯೋ ಅವರಿಗೆ ಪರೀಕ್ಷೆ ಚೆನ್ನಾಗಿ ಹೊಂದುತ್ತದೆ. 2023ರಲ್ಲಿ ಜಗತ್ತಿನಲ್ಲಿ ಹೊಸದಾಗಿ ಟಿಬಿ ಬಂದವರಲ್ಲಿ ನೂರಕ್ಕೆ 26 ಜನ ಭಾರತದವರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅಷ್ಟು ಜನರಿರುವ ದೇಶದ ಹೊತ್ತಿಗೆಗಳನ್ನು ಓದದೇ ಪಟ್ಟಿ ಪೂರ್ತಿ ಆಗುವುದಾದರೂ ಹೇಗೆ? 2022ರಿಂದ ಕೇಂದ್ರ ಸರಕಾರದ ಜೈವಿಕ ತಂತ್ರಜ್ಞಾನ ಇಲಾಖೆ ದೇಶದ ಬೇರೆ ಬೇರೆ ಭಾಗಗಳ ಟಿಬಿ ಜೀನೋಮ್ ಓದಿಸುವ ಕಾರ್ಯಕ್ರಮ ಶುರು ಮಾಡಿರುವುದು ಇದಕ್ಕೇ.

ಇಷ್ಟೆಲ್ಲ ಓದಿದ ಮೇಲೆ ಹಳೇ ವಾಟ್ಸಾಪ್ ತಡಕಿ ತಮ್ಮನ ಮತ್ತು ಮುತ್ಯಾನ ರಿಪೋರ್ಟಿನ ಫೋಟೋ ತೆಗೆದೆ. ಎರಡರಲ್ಲೂ ಎರಡೇ ಸಾಲು. ಟಿಬಿ ಇದೆ. ರಿಫಾಂಪಿಸಿನ್ ಕೆಲಸ ಮಾಡುತ್ತದೆ. ಆ ಪರೀಕ್ಷೆಗೆ ಬೇಕಿದ್ದದ್ದೂ ಅಷ್ಟೇ. ಅದು 44 ಲಕ್ಷ ಅಕ್ಷರದಲ್ಲಿ ಒಂದು ಜೀನಿನ 81 ಅಕ್ಷರದ ತುಂಡನ್ನು ನೋಡಿ, ಎರಡು ತಾಸಿನೊಳಗೆ ಯಾವ ಔಷಧಿ ಕೊಡಬೇಕು ಅಂತ ಹೇಳುತ್ತದೆ. ಜೀವ ಉಳಿಸಲು ಅದು ಸಾಕು. ಇಬ್ಬರೂ ಅದರಿಂದಲೇ ಉಳಿದರು. ಆದರೆ ಯಾರಿಂದ ಯಾರಿಗೆ ಅನ್ನುವುದು ಆ 81 ಅಕ್ಷರದಲ್ಲಿ ಇರುವುದಿಲ್ಲ. ಅದನ್ನು ಯಾರೂ ಕೇಳಿಯೂ ಇರಲಿಲ್ಲ. ನಮ್ಮ ಅಪ್ಪ ಒಬ್ಬ ಕೇಳಿದ್ದ, ನನ್ನನ್ನು.

2022ರಲ್ಲಿ ಮುತ್ಯಾ ವಯಸ್ಸಾಗಿ ತೀರಿಕೊಂಡ. ದಿವಸದ ಕಾರ್ಯ ಮುಗಿದ ಮೇಲೆ ಅವನ ಟ್ರಂಕ್ ತೆಗೆದಾಗ ಬಟ್ಟೆಗಳ ಕೆಳಗೆ ಒಂದು ಎಕ್ಸ್‌ರೇ ಹಾಳೆ ಸಿಕ್ಕಿತು. ನೋಡಿದ ತಕ್ಷಣ ಗುರುತು ಹತ್ತಿತು. 1995ರ ದೀಪಾವಳಿ ಅಮಾವಾಸ್ಯೆಯ ಸೂರ್ಯಗ್ರಹಣವನ್ನು ನಾವು ಹುಡುಗರೆಲ್ಲ ಪಾಳಿ ಹಚ್ಚಿ ನೋಡಿದ್ದು ಇದೇ ಹಾಳೆಯಲ್ಲಿ. (ಹಾಗೆ ನೋಡಬಾರದು ಅಂತ ಈಗ ಗೊತ್ತು.) ಯಾರ ಎದೆಯ ಮೂಲಕ ಸೂರ್ಯನನ್ನು ನೋಡುತ್ತಿದ್ದೇವೆ ಅಂತ ಆಗ ಯಾರೂ ಕೇಳಿರಲಿಲ್ಲ.

"ಆಯಿ, ಇದು ಯಾವಾಗಿಂದು?" ಅಂದೆ.

"ನಿಮ್ಮಪ್ಪ ಏಳನೇತ್ತದಾಗಿದ್ದ. ಬರದಾಗ ಬೊಂಬಾಯಿಗಿ ಹೋಗಿ ಇದ್ದು ಬಂದಿದ್ದಲ್ಲ ನಿಮ್ಮ ಮುತ್ಯಾ, ಬಂದ ನಾಕೈದು ವರ್ಷಕ್ಕ ಕೆಮ್ಮು ಹತ್ತಿತು. ದಿನಾ ಸುರಪುರಕ್ಕ ನಡಕೊಂಡು ಹೋಗಿ ಸೂಜಿ ಮಾಡಿಸ್ಕೊಂಡ. ಮೈಯಾಗ ಶಕ್ತಿ ಬಂತು, ಉಣ್ಣಲಕ ಹತ್ತಿದ, ಬಿಟ್ಟುಬಿಟ್ಟ."

1972ರ ಬರ. ಮುತ್ಯಾನೂ ಗುಳೆ ಹೋಗಿದ್ದವನೇ.

ಟಿಬಿ ಬ್ಯಾಕ್ಟೀರಿಯಾ ಮೈಯೊಳಗೆ ಹೊಕ್ಕರೆ ರೋಗ ಬಂದೇ ಬರುತ್ತದೆ ಅಂತಿಲ್ಲ. ಹೊಕ್ಕವರಲ್ಲಿ ನೂರಕ್ಕೆ ಐದರಿಂದ ಹತ್ತು ಜನರಿಗೆ ಮಾತ್ರ ಜೀವಮಾನದಲ್ಲಿ ಯಾವಾಗಲಾದರೂ ರೋಗವಾಗುತ್ತದೆ. ಉಳಿದವರಲ್ಲಿ ಅದು ಸುಮ್ಮನೆ ಮಲಗಿರಬಹುದು. ಅರ್ಧಕ್ಕೆ ಔಷಧಿ ಬಿಟ್ಟವರಲ್ಲೂ ಉಳಿದುಕೊಳ್ಳಬಹುದು. ಎಷ್ಟೋ ವರ್ಷದ ಮೇಲೆ, ಮೈ ಸೋತಾಗ, ಎದ್ದು ಕೂರಬಹುದು. ನಾನು ಇನ್ನೊಂದು ಮಾತು ಕೇಳಿದೆ. ಆ ವರ್ಷ ಮುತ್ಯಾ ಕೆಮ್ಮಲು ಶುರು ಮಾಡಿದ್ದು ಯಾವಾಗ? ಆಯಿ ಯೋಚನೆ ಮಾಡಲೇ ಇಲ್ಲ. "ಶ್ರಾವಣದಾಗ. ಬೀಡಿ ಕೆಮ್ಮು ಅಂತ ಬಿಟ್ಟಿದ್ವಿ."

ದಸರಾಕ್ಕಿಂತ ಎರಡು ತಿಂಗಳು ಮುಂಚೆ. ತಮ್ಮ ಊರಿಗೆ ಬರುವ ಮುಂಚೆ.

ಇದರಿಂದ ಮುತ್ಯಾ ತಪ್ಪಿತಸ್ಥ ಅಂತ ಆಗುವುದಿಲ್ಲ. ತಮ್ಮ ಹುಟ್ಟಿದಾಗಿನಿಂದ ಮುತ್ಯಾನ ಮಗ್ಗುಲಲ್ಲೇ ಮಲಗಿ ಬೆಳೆದವನು, ಅಲ್ಲಿಂದ ಬಂದಿರಬಹುದು. ಆ ಬೇಸಿಗೆಯಲ್ಲಿ ಊರಿಗೆ ಬಂದಾಗ ಅವನೇ ಕೊಟ್ಟಿರಲೂಬಹುದು. ಇಬ್ಬರಿಗೂ ಬೇರೆ ಬೇರೆ ಕಡೆಯಿಂದ ಬಂದಿರಬಹುದು. ಆ ಕಫ ಈಗ ಇದ್ದಿದ್ದರೆ ಹೊತ್ತಿಗೆ ಓದಿಸಬಹುದಿತ್ತು. 12ಕ್ಕಿಂತ ಹೆಚ್ಚು ಅಕ್ಷರ ಬೇರೆ ಬಂದಿದ್ದರೆ ಅಲ್ಲಿಗೇ ಮಾತು ಮುಗಿಯುತ್ತಿತ್ತು. ಮೂರೋ ನಾಲ್ಕೋ ಬಂದಿದ್ದರೆ ಮಾತ್ರ ಕಷ್ಟ. ಬರೀ ಅಕ್ಷರ ಎಣಿಸಿದರೆ ನಂಟು ಗೊತ್ತಾಗುತ್ತದೆ, ಯಾರಿಂದ ಯಾರಿಗೆ ಅನ್ನುವ ದಿಕ್ಕು ಸುಲಭಕ್ಕೆ ಗೊತ್ತಾಗುವುದಿಲ್ಲ. ಅದಕ್ಕೆ ಯಾರು ಯಾವಾಗ ಕೆಮ್ಮಲು ಶುರು ಮಾಡಿದರು ಅಂತ ಆಯಿಯಂಥವರನ್ನೇ ಕೂರಿಸಿಕೊಂಡು ಕೇಳಬೇಕು. ವಿಜ್ಞಾನವೂ ಕೊನೆಗೆ ‘ಇರಬಹುದು’ ಅಂತಲೇ ಹೇಳುತ್ತದೆ. ಆದರೆ ಎಣಿಸಿ ಹೇಳುತ್ತದೆ. ನಾನು ಮೀಟಿಂಗಿಗೆ ಹೊತ್ತಾಯಿತು ಅಂತ ಹೇಳಿದ್ದೆ.

ತಳಿ ಓದುವ ವಿದ್ಯೆ ಜಗತ್ತಿನ ಬೇರೆ ಕಡೆಯಲ್ಲೂ ಇಂಥ ಎಷ್ಟೋ ಊಹೆಗಳನ್ನು ತಲೆಕೆಳಗು ಮಾಡಿದೆ. ಶ್ರೀಮಂತ ನಗರಗಳಲ್ಲಿ ಟಿಬಿ ಹೆಚ್ಚಾಗಿ ಹಳೇ ಸೋಂಕು ಏಳುವುದರಿಂದಲೇ ಬರುತ್ತದೆ ಅಂತ ನಂಬಿದ್ದರು. 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತಳಿ ಹೋಲಿಸಿ ನೋಡಿದಾಗ ಸುಮಾರು ಮೂರನೇ ಒಂದು ಪಾಲು ಈಚೆಗೆ ಹರಡಿದ್ದು ಅಂತ ಗೊತ್ತಾಯಿತು. ಯುರೋಪಿನಲ್ಲಿ ಉಲ್ಟಾ ಪಾಠ. ಹೊರದೇಶದಿಂದ ಬಂದವರು ಟಿಬಿ ತಂದು ಹರಡುತ್ತಾರೆ ಅಂತ ಅಲ್ಲಿ ಭಯವಿತ್ತು. ತಳಿ ನೋಡಿದರೆ ವಲಸಿಗರಿಂದ ಅಲ್ಲಿಯವರಿಗೆ ದಾಟಿದ್ದು ಕಡಿಮೆ. ವಲಸೆ ಬಂದವರು ತಮ್ಮ ರೋಗವನ್ನು ಹೆಚ್ಚಾಗಿ ತಾವೇ ಅನುಭವಿಸಿದ್ದರು.

ನಮ್ಮ ದೇಶದ ಪಾಠ ಇನ್ನೂ ಹಳೆಯದು. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ನಾನು ಎಷ್ಟೋ ಸಲ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ನೋಡಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. ಅಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳ ಟಿಬಿ ರೋಗಿಗಳನ್ನು ಮಾತಾಡಿಸಿ 1963ರಲ್ಲಿ ಬರೆದರು. ಹಳ್ಳಿಯವರು ಕೆಮ್ಮನ್ನು ಲೆಕ್ಕಿಸದೇ ಕೂತಿರುತ್ತಾರೆ ಅನ್ನುವುದು ಸುಳ್ಳು, ಅರ್ಧದಷ್ಟು ರೋಗಿಗಳು ಅದಾಗಲೇ ಆಸ್ಪತ್ರೆಗಳ ಬಾಗಿಲು ತಟ್ಟಿದ್ದರು. ಬಹಳ ಜನಕ್ಕೆ ಸಿಕ್ಕಿದ್ದು ಕೆಮ್ಮಿನ ಔಷಧಿ. ಇದನ್ನು ಓದುವಾಗ ತಮ್ಮನ ಮೂರು ಸಿರಪ್ ಬಾಟಲಿ ಕಣ್ಣ ಮುಂದೆ ಬಂದವು. 55 ವರ್ಷದಲ್ಲಿ ಬಾಟಲಿ ಗಾಜಿನಿಂದ ಪ್ಲಾಸ್ಟಿಕ್ಕಿಗೆ ಬಂದಿತ್ತು.

ಅವನನ್ನು ಹುಡುಕಿಕೊಂಡು ಹೋದೆ. ಸರ್ಜಾಪುರ ರಸ್ತೆಯಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಹಿಂದೆ ತಗಡಿನ ಶೆಡ್ಡು. ಒಂದು ಕೋಣೆಗೆ ಎಂಟು ಜನ, ಕಿಟಕಿ ಇಲ್ಲ. ಇಂಥ ಗಾಳಿಯಲ್ಲಿ ಟಿಬಿಗೆ ಕುಲ ಯಾವುದಾದರೇನು. ಹಿಂದಿನ ವಾರವಷ್ಟೇ ನನ್ನ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಬರೆದಿದ್ದರು, ಪಕ್ಕದ ಲೇಬರ್ ಶೆಡ್ಡಿನವರು ಊರಿಂದ ಕಾಯಿಲೆ ತರುತ್ತಾರೆ ಅಂತ. ಊರಿನಲ್ಲಿ ಇವನು ಬೆಂಗಳೂರಿಂದ ತಂದವನು, ಬೆಂಗಳೂರಿನಲ್ಲಿ ಊರಿಂದ ತಂದವನು. ಎರಡೂ ಊರು ಕಟ್ಟುತ್ತಿರುವವನು ಮಾತ್ರ ಒಬ್ಬನೇ.

ಎಲ್ಲ ಹೇಳಿದೆ. ಅಕ್ಷರದ ಲೆಕ್ಕ, ಎಕ್ಸ್‌ರೇ, ಶ್ರಾವಣ, ನನ್ನ ‘ಇರಬಹುದು’. ಅವನು ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟು ಸುಮ್ಮನೆ ಕೇಳಿದ. ಕೊನೆಗೆ, "ನನಗ ಯಾಕ ಹೇಳ್ತಿ ಅಣ್ಣಾ? ನಾ ತಂದಿಲ್ಲ ಅಂತ ನಾ ಒಬ್ಬನ ಹೇಳ್ಕೊಂತ ತಿರಗ್ದೆ. ಹೇಳೋದಿದ್ರ ಅಲ್ಲಿ ಹೋಗಿ ಹೇಳು" ಅಂದ.

ಮುಂದಿನ ಶನಿವಾರ ಊರಿಗೆ ಹೋದೆ. ಮೊದಲು ಚಹಾದಂಗಡಿ. ಅಲ್ಲಿ ಹೇಳಿದ್ದನ್ನು ಎಷ್ಟು ಜನ ನಂಬಿದರೋ, ನಕ್ಕರಂತೂ ನಕ್ಕರು. ಆಮೇಲೆ ಕಟ್ಟೆ ಮೇಲೆ ಅಪ್ಪನ ಪಕ್ಕ ಕೂತು, "ಅವತ್ತು ಫೋನಿನ್ಯಾಗ ನಾ ಹೇಳಿದ್ದು ತಪ್ಪಪ್ಪಾ" ಅಂದೆ.

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. "ಹಂಗಿದ್ರ ಯಾರು ತಂದ್ರು?"

"ಗೊತ್ತಿಲ್ಲ. ಗೊತ್ತಿಲ್ಲ ಅಂತ ಅವತ್ತ ಹೇಳಬೇಕಾಗಿತ್ತು."

ಅಪ್ಪ ಒಳಗೆ ಹೋಗಿ ಎಕ್ಸ್‌ರೇ ಹಾಳೆ ತಂದ. ಬಿಸಿಲಿಗೆ ಹಿಡಿದು, ಅವರಪ್ಪನ ಎದೆಯ ಬಿಳಿ ಕಲೆಗಳನ್ನು ನೋಡುತ್ತಾ ನಿಂತ. ಹಾಳೆ ಮಡಚದೇ ಮೆಲ್ಲಗೆ ಟ್ರಂಕಿನಲ್ಲಿಟ್ಟು ಬಂದವನು ಜೇಬಿನಿಂದ ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದ.

"ಅವನ ನಂಬರ್ ಬದಲಾಗ್ಯದಂತಲ್ಲ. ಹಾಕಿ ಕೊಡು."